ಶರಣು ಬಂದವರ ತಾಯಿ: ಡೊನಾಲ್ಡಿನಾ ಕ್ಯಾಮರನ್ ಅಮ್ಮನವರ ಚರಿತ್ರೆ

ಯಜಮಾನನ ಕೈಯಿಂದ ತಪ್ಪಿಸಿಕೊಂಡು ಶರಣು ಬಂದ ದಾಸನನ್ನು ತಿರಿಗಿ ಆ ಯಜಮಾನನಿಗೆ ಒಪ್ಪಿಸಬಾರದೆಂದೂ, ಅವನು ತನಗೆ ಇಷ್ಟವಾದ ಊರಲ್ಲಿ ವಾಸಿಸುವಂತೆ ಬಿಡಬೇಕೆಂದೂ ಮೋಶೆಯ ಧರ್ಮಶಾಸ್ತ್ರವು ಇಸ್ರಾಯೇಲ್ಯರಿಗೆ ವಿಧಿಸಿತು. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿರುವ ಈ ವಿಧಿಯನ್ನು ನಾವು ಪೂರ್ವಕಾಲದ ಸಂಗತಿಯೆಂದು ಓದಿ ದಾಟಿ ಹೋಗುವದುಂಟು. ಆದರೆ ಇದರಲ್ಲಿ ಎರಡು ಕರ್ತವ್ಯಗಳು ಅಡಗಿವೆ. ಬಂಧನದಲ್ಲಿರುವವನನ್ನು ಬಿಡಿಸುವದು ಒಂದು. ಬಿಡುಗಡೆ ಹೊಂದಿದವನಿಗೆ ನೆಲೆ ಕೊಡುವದು ಮತ್ತೊಂದು. ಎರಡನೆಯದಿಲ್ಲದೆ ಮೊದಲನೆಯದು ನಿಲ್ಲಲಾರದು. ಇದನ್ನು ತನ್ನ ಜೀವಮಾನವೆಲ್ಲಾ ಅನುಭವಿಸಿ ತಿಳಿದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಈ ಸಾರಿ ನಿಮ್ಮ ಮುಂದೆ ಇಡುತ್ತೇವೆ.

ಡೊನಾಲ್ಡಿನಾ ಕ್ಯಾಮರನ್ ಅಮ್ಮನವರು 1869ನೆಯ ಇಸವಿಯಲ್ಲಿ ನ್ಯೂಜಿಲೆಂಡ್ ದ್ವೀಪದಲ್ಲಿ ಸ್ಕಾಟ್ಲೆಂಡಿನ ಕುಲದವರಾದ ತಂದೆತಾಯಿಗಳಿಗೆ ಏಳು ಮಕ್ಕಳಲ್ಲಿ ಕಡೆಯವರಾಗಿ ಹುಟ್ಟಿದರು. ಅವರು ಎಳೆಯ ಕೂಸಾಗಿದ್ದಾಗಲೇ ಮನೆಯವರು ಸಮುದ್ರ ದಾಟಿ ಅಮೇರಿಕಾ ದೇಶದ ಕಾಲಿಫೋರ್ನಿಯಾ ಸೀಮೆಗೆ ಬಂದು ಕುರಿಸಾಕಣೆಯಿಂದ ಜೀವಿಸಿದರು. ಸುಮಾರು ಐದು ವರುಷದವರಿರುವಾಗ ತಾಯಿಯು ತೀರಿಹೋದಳು. ಉಪಾಧ್ಯಾಯಿನಿಯಾಗಲು ಕಲಿಯುತ್ತಿದ್ದ ಕಾಲದಲ್ಲಿ ತಂದೆಯೂ ತೀರಿಹೋದನು. ಹೀಗೆ ತಾಯಿಯಿಲ್ಲದ ಮಕ್ಕಳ ದುಃಖವು ಅವರಿಗೆ ಎಳವೆಯಿಂದಲೇ ತಿಳಿದಿತ್ತು.

ಆ ಕಾಲದ ಸಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಚೀನಾ ದೇಶದಿಂದ ಕೂಲಿಗೂ ವ್ಯಾಪಾರಕ್ಕೂ ಬಂದ ಜನರ ದೊಡ್ಡ ಕೇರಿಯಿತ್ತು. ಅವರಲ್ಲಿ ಹೆಚ್ಚಿನವರು ದುಡಿದು ಉಣ್ಣುವ ಮರ್ಯಾದಸ್ಥರು. ಆದರೆ ಕೆಲವು ದುಷ್ಟರು ಚೀನಾ ದೇಶದ ಬಡ ತಂದೆತಾಯಿಗಳಿಂದ ಹೆಣ್ಣುಮಕ್ಕಳನ್ನು ಕ್ರಯಕ್ಕೆ ಕೊಂಡುಕೊಂಡು, ಮದುವೆ ಮಾಡಿಸುತ್ತೇವೆಂದು ಹೇಳಿ ಹಡಗು ಹತ್ತಿಸಿ ತಂದು ಮಾರುತ್ತಿದ್ದರು. ಸಣ್ಣವರು ಮನೆಗೆಲಸದ ತೊತ್ತುಗಳಾಗಿ ಹೊಡೆತ ತಿನ್ನುತ್ತಿದ್ದರು. ಪ್ರಾಯಕ್ಕೆ ಬಂದವರು ಸೂಳೆಗೇರಿಗಳಲ್ಲಿ ಸೇರಿಸಲ್ಪಡುತ್ತಿದ್ದರು. ಓದು ಬಾರದ ಹುಡುಗಿಯ ಹೆಬ್ಬೆರಳನ್ನು ಒತ್ತಿಸಿಕೊಂಡ ಕರಾರುಪತ್ರಗಳೂ ಇದ್ದವು. ಹಡಗಿನ ಖರ್ಚು ತೀರುವ ತನಕ ಇಷ್ಟು ವರುಷ ದುಡಿಯಬೇಕೆಂದು ಅವುಗಳಲ್ಲಿ ಬರೆದಿರುತ್ತಿತ್ತು. ರೋಗದಿಂದ ಮಲಗಿದ ದಿನಗಳಿಗಾಗಿ ದುಡಿಮೆಯ ಕಾಲವು ಇನ್ನೂ ಬೆಳೆಯುತ್ತಿತ್ತು.

ಸರಕಾರದ ಕಾನೂನುಗಳು ಈ ಹೆಣ್ಣುಗಳಿಗೆ ಆಸರೆಯಾಗುವದಕ್ಕೆ ಬದಲಾಗಿ ಅನೇಕ ಸಾರಿ ಉರುಲಾದವು. 1875ರ ಕಾನೂನು ಸೂಳೆತನಕ್ಕಾಗಿ ಸ್ತ್ರೀಯರನ್ನು ತರಬಾರದೆಂದಿತು. 1882ರ ಕಾನೂನು ಚೀನಾದ ಕೂಲಿಗಾರರು ಬರಲೇಬಾರದೆಂದು ಬಾಗಿಲು ಮುಚ್ಚಿತು. 1892ರ ಕಾನೂನು ಒಳಗಿದ್ದ ಕೂಲಿಗಾರರೆಲ್ಲರೂ ವಾಸದ ರಹದಾರಿಯನ್ನು ಪಡೆದು ಇಟ್ಟುಕೊಳ್ಳಬೇಕೆಂದು ವಿಧಿಸಿತು. ವರ್ತಕರ ಹೆಂಡಿರುಮಕ್ಕಳಿಗೆ ಬರಲು ಅಪ್ಪಣೆಯಿದ್ದದರಿಂದ, ಮಾರಾಟಗಾರರು ಹುಡುಗಿಯರನ್ನು ಇಂಥವನ ಹೆಂಡತಿ, ಇಂಥವನ ಮಗಳು ಎಂದು ಸುಳ್ಳು ಪತ್ರ ಮಾಡಿಸಿ, ಅಧಿಕಾರಿಯ ಪ್ರಶ್ನೆಗಳಿಗೆ ಹೇಳಬೇಕಾದ ಉತ್ತರಗಳನ್ನು ಬಾಯಿಪಾಠ ಮಾಡಿಸಿ ಒಳಗೆ ತಂದರು. ಹೀಗೆ ಬಂದವಳು ನ್ಯಾಯ ಕೇಳಲು ಬಾಯಿ ತೆರೆದರೆ ತಾನೇ ಕಾನೂನು ಮೀರಿದವಳಾಗುವಳು. ಮಾರಾಟಗಾರನಿಗೆ ಇದಕ್ಕಿಂತ ಬಲವಾದ ಬೀಗವು ಬೇಕಾಗಿರಲಿಲ್ಲ.

ಈ ದಿಕ್ಕಿಲ್ಲದವರಿಗಾಗಿ ಪ್ರೆಸ್ಬಿಟೇರಿಯನ್ ಸಭೆಯ ಸ್ತ್ರೀಯರು 1874ರಲ್ಲಿ ಆ ಪಟ್ಟಣದಲ್ಲಿ ಒಂದು ಆಶ್ರಯಮಂದಿರವನ್ನು ಸ್ಥಾಪಿಸಿದ್ದರು. ಮಾರ್ಗರೆಟ್ ಕಲ್ಬರ್ಟ್‌ಸನ್ ಎಂಬ ಅಮ್ಮನವರು ಅದರ ಮೇಲ್ವಿಚಾರಣೆಯಲ್ಲಿ ಸವೆದು ಹೋಗುತ್ತಿರಲು, 1895ರಲ್ಲಿ ಕ್ಯಾಮರನ್ ಅಮ್ಮನವರು ಹೊಲಿಗೆ ಕಲಿಸುವದಕ್ಕಾಗಿ ಒಂದು ವರುಷದ ಮಟ್ಟಿಗೆ ಅಲ್ಲಿಗೆ ಬಂದರು. ಆಗ ಅವರಿಗೆ ಇಪ್ಪತ್ತೈದು ವರುಷ. ಎರಡು ವರುಷಗಳಲ್ಲಿ ಕಲ್ಬರ್ಟ್‌ಸನ್ ಅಮ್ಮನವರು ತೀರಿಹೋದರು. 1900ರಲ್ಲಿ ಮಂದಿರದ ಪೂರ್ಣ ಭಾರವು ಕ್ಯಾಮರನ್ ಅಮ್ಮನವರ ಮೇಲೆ ಬಿತ್ತು. ಒಂದು ವರುಷಕ್ಕೆಂದು ಬಂದವರು ಸುಮಾರು ನಾಲ್ವತ್ತು ವರುಷ ನಿಂತರು. ವಿವಾಹವಿಲ್ಲದೆಯೇ ಸಾವಿರಾರು ಮಕ್ಕಳಿಗೆ ತಾಯಿಯಾದರು. ಹುಡುಗಿಯರು ಅವರನ್ನು ಲೋ ಮೋ ಎಂದು ಕರೆಯುತ್ತಿದ್ದರು. ಅದು ಚೀನೀ ಭಾಷೆಯಲ್ಲಿ ತಾಯಿಯನ್ನು ಗೌರವದಿಂದ ಕರೆಯುವ ಹೆಸರು. ಮಾರಾಟಗಾರರಾದರೋ ಬಿಳೀ ಪಿಶಾಚಿ ಎಂದು ಶಪಿಸುತ್ತಿದ್ದರು.

ಯಾವಳಾದರೂ ಹುಡುಗಿಯು ಗುಟ್ಟಾಗಿ ಒಂದು ಚೀಟಿ ಕಳುಹಿಸಿದರೆ ಅಮ್ಮನವರು ಪೊಲೀಸರನ್ನೂ ಭಾಷೆ ಬಲ್ಲ ಹುಡುಗಿಯನ್ನೂ ಕರೆದುಕೊಂಡು ಹೊರಡುವರು. ಬಾಗಿಲು ತೆರೆಯದಿದ್ದರೆ ಕೊಡಲಿಯಿಂದ ಒಡೆಯುವದುಂಟು. ಗೋಡೆಯ ಹಿಂದಿನ ಗುಪ್ತ ಕೋಣೆಗಳಲ್ಲಿಯೂ ನೆಲದ ಹಲಗೆಗಳ ಕೆಳಗೂ ಹುಡುಗಿಯರನ್ನು ಅಡಗಿಸಿಡುತ್ತಿದ್ದರು. ಮಾಳಿಗೆಗಳ ಮೇಲಿಂದ ಓಡಿಸಿಕೊಂಡು ಹೋಗುತ್ತಿದ್ದರು. ಆದರೆ ಕೊಡಲಿಯ ಕೆಲಸವು ಸುಲಭವಾದದ್ದು. ಕಷ್ಟವು ಮರುದಿನ ಆರಂಭವಾಗುತ್ತಿತ್ತು. ಯಜಮಾನನೆಂಬವನು ವಕೀಲನನ್ನು ಹಿಡಿದು, ತನ್ನ ಹೆಂಡತಿಯನ್ನು ಅನ್ಯಾಯವಾಗಿ ಬಂಧಿಸಿದ್ದಾರೆಂದು ಹೇಬಿಯಸ್ ಕಾರ್ಪಸ್ ಆಜ್ಞೆಯನ್ನು ತರುವನು. ಇಲ್ಲವೆ ಆಕೆಯು ಒಡವೆ ಕದ್ದಳೆಂದು ಸುಳ್ಳು ದೂರು ಕೊಟ್ಟು ವಾರಂಟು ಹೊರಡಿಸುವನು. ಬಂಧಿತರ ಬಿಡುಗಡೆಗಾಗಿ ಹುಟ್ಟಿದ ಕಾನೂನನ್ನೇ ಬಿಡುಗಡೆಯಾದವಳನ್ನು ಬಂಧಿಸಲು ತಿರುಗಿಸಿದರು.

1900ರಲ್ಲಿ ನಡೆದ ಒಂದು ಸಂಗತಿಯು ಆ ದೇಶದವರ ಕಣ್ಣು ತೆರೆಯಿತು. ಇಂಥಾ ಕಳವಿನ ವಾರಂಟಿನೊಂದಿಗೆ ಬಂದವರು ಮಂದಿರದ ಒಬ್ಬ ಹುಡುಗಿಯನ್ನು ಕೊಂಡೊಯ್ಯಲು, ಅಮ್ಮನವರು ಆಕೆಯನ್ನು ಒಂಟಿಯಾಗಿ ಕಳುಹಿಸಲೊಲ್ಲದೆ ಸಂಗಡ ಹೊರಟರು. ಪಾಲೋ ಆಲ್ಟೋ ಎಂಬ ಊರಿನ ಹರಕು ಸೆರೆಮನೆಯಲ್ಲಿ ಇಬ್ಬರೂ ರಾತ್ರಿ ಕಳೆಯಬೇಕಾಯಿತು. ನಡುರಾತ್ರಿಯಲ್ಲಿ ಆ ದುಷ್ಟರು ಬಂದು ಹುಡುಗಿಯನ್ನು ಸೆಳೆದುಕೊಂಡು ಗಾಡಿಯಲ್ಲಿ ಹಾಕಿ ಅಮ್ಮನವರನ್ನು ಹಿಂದೆ ಬಿಟ್ಟು ಹೋದರು. ಈ ಸುದ್ದಿಯು ಹಬ್ಬಿದಾಗ ಆ ಊರಿನ ಗೃಹಸ್ಥರೂ ಸ್ಟ್ಯಾನ್‌ಫರ್ಡ್ ವಿದ್ಯಾಲಯದ ವಿದ್ಯಾರ್ಥಿಗಳೂ ಸಿಟ್ಟುಗೊಂಡು ಸಭೆ ಕೂಡಿ ನ್ಯಾಯಕ್ಕಾಗಿ ಎದ್ದರು; ಹುಡುಗಿಯು ಆ ಕೈಗಳಿಂದ ಬಿಡಿಸಲ್ಪಟ್ಟಳು.

ಆದಕಾರಣ ಅಮ್ಮನವರು ಕಾನೂನಿನ ದಾರಿಯನ್ನು ಕಲಿತುಕೊಂಡರು. ಪ್ರತಿಯೊಬ್ಬ ಹುಡುಗಿಗೂ ತಾವೇ ಪಾಲಕರಾಗಿ ನೇಮಿಸಲ್ಪಡುವಂತೆ ನ್ಯಾಯಸ್ಥಾನದಲ್ಲಿ ಅರ್ಜಿ ಹಾಕಿ, ಪಾಲಕತ್ವದ ಪತ್ರವನ್ನು ಪಡೆಯುತ್ತಿದ್ದರು. ಆ ಪತ್ರವಿದ್ದರೆ ಹುಡುಗಿಯನ್ನು ಯಾರೂ ಎಳೆದುಕೊಂಡು ಹೋಗುವಂತಿರಲಿಲ್ಲ. ಆ ಪತ್ರದ ಬೆಲೆಯೆಷ್ಟೆಂಬದು 1906ನೆಯ ಇಸವಿ ಎಪ್ರಿಲ್ 18ನೆಯ ತಾರೀಖಿನಲ್ಲಿ ಕಂಡುಬಂತು. ಅಂದು ಮುಂಜಾನೆ ಮಹಾ ಭೂಕಂಪವು ಪಟ್ಟಣವನ್ನು ನಡುಗಿಸಿತು. ಮಂದಿರವು ಬೀಳಲಿಲ್ಲ, ಆದರೆ ಬೆಂಕಿಯು ಕೇರಿಯಿಂದ ಕೇರಿಗೆ ಹಬ್ಬಿ ಬರಲು, ಅಮ್ಮನವರು ಹುಡುಗಿಯರನ್ನೂ ಕೂಸುಗಳನ್ನೂ ಒಂದು ದೇವಾಲಯಕ್ಕೆ ಸಾಗಿಸಿದರು. ರಾತ್ರಿಯಲ್ಲಿ ಪಾಲಕತ್ವದ ಪತ್ರಗಳು ಮಂದಿರದಲ್ಲಿಯೇ ಉಳಿದಿರುವದು ನೆನಪಿಗೆ ಬಂತು. ಅವು ಸುಟ್ಟುಹೋದರೆ ಗಲಿಬಿಲಿಯಲ್ಲಿ ಮಾರಾಟಗಾರರು ಬಂದು ಇವಳು ನನ್ನವಳೆಂದರೆ ಉತ್ತರವಿರಲಿಲ್ಲ. ಅವರು ಸಿಪಾಯಿಗಳ ಕಾವಲನ್ನು ದಾಟಿ, ಸಮೀಪಿಸುತ್ತಿದ್ದ ಬೆಂಕಿಯ ಬೆಳಕಿನಲ್ಲಿ ಮಂದಿರವನ್ನು ಹೊಕ್ಕು ಪತ್ರಗಳನ್ನು ತಂದರು. ಮರುದಿನ ಎಲ್ಲರೂ ನಡೆದು, ದೋಣಿಯಿಂದ ಕೊಲ್ಲಿಯನ್ನು ದಾಟಿ, ಸಾನ್ ಆನ್ಸೆಲ್ಮೋ ಎಂಬ ಊರಿನ ದೈವಜ್ಞಾನ ಶಾಲೆಯ ಕೊಟ್ಟಿಗೆಯೊಂದರಲ್ಲಿ ಇಳುಕೊಂಡರು. ಮಂದಿರವು ನಾಶವಾಯಿತು; ಒಬ್ಬ ಹುಡುಗಿಯೂ ಕಳೆದುಹೋಗಲಿಲ್ಲ. 1908ರಲ್ಲಿ ಅದೇ ಸ್ಥಳದಲ್ಲಿ ಹೊಸ ಕಟ್ಟಡವು ಎದ್ದಿತು.

ಆದರೂ ಪಾಲಕತ್ವದ ಪತ್ರವು ಆ ದೇಶದಲ್ಲಿ ವಾಸಿಸುವ ಹಕ್ಕನ್ನು ಕೊಡುತ್ತಿರಲಿಲ್ಲ. 1907ರ ಕಾನೂನಿನಂತೆ, ದೇಶಕ್ಕೆ ಬಂದು ಮೂರು ವರುಷಗಳೊಳಗೆ ಸೂಳೆಗೇರಿಯಲ್ಲಿ ಸಿಕ್ಕಿದ ಪರದೇಶದ ಹೆಂಗಸನ್ನು ಹೊರಗೆ ಹಾಕಬಹುದಾಗಿತ್ತು. 1910ರಲ್ಲಿ ಆ ಮೂರು ವರುಷದ ಮಿತಿಯನ್ನೂ ತೆಗೆದುಬಿಟ್ಟರು. ಬಲಾತ್ಕಾರದಿಂದ ಬಂದವಳೋ ಸ್ವಇಚ್ಛೆಯಿಂದ ಬಂದವಳೋ ಎಂಬದನ್ನು ಕಾನೂನು ಸರಿಯಾಗಿ ತೂಗಿ ನೋಡಲಿಲ್ಲ. ಚೀನಾಕ್ಕೆ ಹಿಂದಿರುಗಿದವಳಿಗೆ ರೇವಿನಲ್ಲಿ ಯಾರು ಕಾದಿರುವರು? ಮಾರಿದವನೇ ಕಾದಿರಬಹುದು. ಅಮ್ಮನವರು ಅಧಿಕಾರಿಗಳೊಂದಿಗೆ ವಾದಿಸಿ, ವಿಚಾರಣೆಯು ಮುಗಿಯುವ ತನಕ ಅನೇಕರನ್ನು ದ್ವೀಪದ ಕಾವಲುಮನೆಗೆ ಬದಲಾಗಿ ಮಂದಿರದಲ್ಲಿ ಇರಿಸಿಕೊಂಡರು. ಎಲ್ಲರನ್ನೂ ಉಳಿಸಿಕೊಳ್ಳಲು ಸಾಧ್ಯವಾಗಲಿಲ್ಲ.

ಮಂದಿರದಲ್ಲಿ ಓದು, ಹೊಲಿಗೆ, ಅಡಿಗೆ, ಪ್ರಾರ್ಥನೆ ಇವು ದಿನದ ಕ್ರಮವಾಗಿದ್ದವು. ಕೆಲವರು ಮರ್ಯಾದಸ್ಥರಾದ ಗಂಡಂದಿರನ್ನು ಮದುವೆಯಾದರು; ಕೆಲವರು ವಿದ್ಯೆ ಕಲಿತರು. ತಂದೆಯಿಂದ ಮಾರಲ್ಪಟ್ಟು ಎಳೆಯವಳಾಗಿ ಮಂದಿರವನ್ನು ಸೇರಿದ ಟಿಯೆನ್ ಫೂ ವು ಎಂಬಾಕೆಯು ಓದಿ ಬಂದು ಅಮ್ಮನವರ ಬಲಗೈಯಾಗಿ ಬಹು ವರುಷ ದುಡಿದಳು. ಇನ್ನೊಂದನ್ನೂ ಮರೆಮಾಡದೆ ಹೇಳಬೇಕು. ಮಂದಿರದ ನಿಯಮಗಳು ಬಿಗಿಯಾಗಿದ್ದವು, ಬಾಗಿಲಿಗೆ ಬೀಗವಿತ್ತು. ಬೀಗವು ಹೊರಗಿನ ಕಳ್ಳರನ್ನು ತಡೆದಂತೆ ಒಳಗಿನವರನ್ನೂ ತಡೆಯಿತು. ಕೆಲವರು ಅಲ್ಲಿರಲು ಮನಸ್ಸಿಲ್ಲದೆ ಹೊರಟುಹೋದರು. ಒಳ್ಳೇ ಕೆಲಸದಲ್ಲಿಯೂ ಸಹಾಯ ಹೊಂದುವವರ ಮನಸ್ಸನ್ನು ಕೇಳಬೇಕೆಂಬದನ್ನು ನಾವು ಇದರಿಂದ ಕಲಿಯಬೇಕು.

1933ರ ಕಡೆಯಲ್ಲಿ ಒಬ್ಬ ತರುಣಿಯು ತಪ್ಪಿಸಿಕೊಂಡು ಮಂದಿರಕ್ಕೆ ಓಡಿಬಂದಳು. ಆಕೆಯೂ ಇನ್ನೊಬ್ಬಳೂ ಜೀವಭಯವನ್ನು ಬಿಟ್ಟು ನ್ಯಾಯಸ್ಥಾನದಲ್ಲಿ ನಿಂತು ತಮ್ಮನ್ನು ಮಾರಿದವರನ್ನು ತೋರಿಸಿಕೊಟ್ಟರು. ಮೊದಲನೆಯ ವಿಚಾರಣೆಯಲ್ಲಿ ಪಂಚರು ಒಮ್ಮನಸ್ಸಾಗಲಿಲ್ಲ. 1935ರಲ್ಲಿ ಎರಡನೆಯ ವಿಚಾರಣೆಯಲ್ಲಿ ಆ ಮಾರಾಟಗಾರರು ಅಪರಾಧಿಗಳೆಂದು ತೀರ್ಪಾಯಿತು. ಅಮ್ಮನವರು 1934ರಲ್ಲಿಯೇ ಕೆಲಸದಿಂದ ವಿಶ್ರಾಂತಿ ಪಡೆದಿದ್ದರೂ ಈ ವ್ಯಾಜ್ಯದಲ್ಲಿ ಕೈಬಿಡಲಿಲ್ಲ. 1942ರಲ್ಲಿ ಮಂದಿರಕ್ಕೆ ಅವರ ಹೆಸರನ್ನಿಟ್ಟರು. 1943ರಲ್ಲಿ ಚೀನೀಯರನ್ನು ತಡೆದ ಕಾನೂನು ರದ್ದಾಯಿತು. ಒಂದು ಕಾಲದಲ್ಲಿ ಸೆರೆಮನೆಯ ರಾತ್ರಿಯನ್ನು ಕಳೆದ ಪಾಲೋ ಆಲ್ಟೋ ಊರಿನಲ್ಲಿಯೇ 1968ನೆಯ ಇಸವಿ ಜನವರಿಯಲ್ಲಿ, ತೊಂಭತ್ತೆಂಟು ವರುಷದವರಾಗಿ ಕರ್ತನಲ್ಲಿ ನಿದ್ರೆಹೋದರು. ಅವರ ಕಾಲದಲ್ಲಿ ಬಿಡುಗಡೆ ಹೊಂದಿದವರು ಎರಡು ಮೂರು ಸಾವಿರವೆಂದು ಎಣಿಸುತ್ತಾರೆ.

ಅಮ್ಮನವರು ನ್ಯಾಯಾಧಿಪತಿಗಳ ಮುಂದೆ ಒಬ್ಬೊಬ್ಬಳಿಗಾಗಿ ಬೇಡಿದ್ದು ಅವರ ಮರಣದ ತರುವಾಯ ಕಾನೂನಾಗಿ ಬಂತು. 2000ದಲ್ಲಿ ಸಂಯುಕ್ತ ರಾಷ್ಟ್ರಗಳು ಮಾನವ ಮಾರಾಟದ ವಿಷಯವಾಗಿ ಮಾಡಿದ ಒಪ್ಪಂದವು, ಮಾರಲ್ಪಟ್ಟವರಿಗೆ ತಾತ್ಕಾಲಿಕವಾಗಿಯೋ ಶಾಶ್ವತವಾಗಿಯೋ ವಾಸದ ಅನುಮತಿ ಕೊಡುವದನ್ನು ಪ್ರತಿ ದೇಶವೂ ಆಲೋಚಿಸಬೇಕೆಂದಿತು. ನಮ್ಮ ಭಾರತವೂ 2011ರಲ್ಲಿ ಅದನ್ನು ಅಂಗೀಕರಿಸಿತು. ಅಮೇರಿಕಾ ದೇಶವು 2000ದಲ್ಲಿಯೇ ಟಿ ವೀಸಾ ಎಂಬ ರಹದಾರಿಯನ್ನು ಏರ್ಪಡಿಸಿತು. ವರುಷಕ್ಕೆ 5,000 ಮಂದಿಗೆ ಮೀರದಂತೆ ಅದನ್ನು ಕೊಡಬಹುದೆಂದೂ, ಕೆಲವು ಷರತ್ತುಗಳ ಮೇಲೆ ಹೊಂದಿದವರು ಮುಂದೆ ಶಾಶ್ವತವಾಸಕ್ಕೆ ಅರ್ಜಿ ಹಾಕಬಹುದೆಂದೂ ವಿಧಿಸಿತು. 2005ರ ಯುರೋಪಿನ ಒಪ್ಪಂದವು, ಸಿಕ್ಕಿದವಳನ್ನು ಕೂಡಲೆ ಹೊರಗೆ ಹಾಕದೆ ಕಡಮೆಯೆಂದರೆ 30 ದಿವಸ ಸುಧಾರಿಸಿಕೊಂಡು ಆಲೋಚಿಸಲು ಬಿಡಬೇಕೆಂದಿತು. ಆದರೆ ಸಾಕ್ಷಿ ಹೇಳುವವಳಿಗೆ ಮಾತ್ರ ಆಸರೆಯೋ, ಭಯದಿಂದ ಬಾಯಿಕಟ್ಟಿದವಳಿಗೂ ಆಸರೆಯೋ ಎಂಬ ವಾದವು ಇನ್ನೂ ತೀರಿಲ್ಲ.

ಪ್ರಿಯರೇ, ಯೋಸೇಫನನ್ನು ಅಣ್ಣಂದಿರೇ ಮಾರಿದರು. ಮಾರಾಟಗಾರನು ಅಪರಿಚಿತನಾಗಿಯೇ ಬರುವನೆಂದು ನೆನಸಬೇಡಿರಿ. ಬಂಧುವಿನ ವೇಷದಲ್ಲಿ, ಕೆಲಸದ ಮಾತಿನಿಂದ, ಮದುವೆಯ ಆಸೆಯಿಂದ ಬರುವನು. ದೂರದ ಪಟ್ಟಣಕ್ಕೆ ಮಗಳನ್ನು ಕಳುಹಿಸುವ ಮೊದಲು ಕರೆದೊಯ್ಯುವವನು ಯಾರು, ಇಳಿಯುವ ಮನೆ ಯಾವದು ಎಂದು ವಿಚಾರಿಸಿರಿ; ಆಕೆಯ ಪತ್ರಗಳನ್ನು ಪರರ ಕೈಗೆ ಕೊಡಬೇಡಿರಿ. ಅಂಥಾ ಬಲೆಯಿಂದ ತಪ್ಪಿಸಿಕೊಂಡವಳು ಊರಿಗೆ ಮರಳಿದರೆ ಆಕೆಯ ಗತಕಾಲವನ್ನು ಕೆದಕದೆ, ಬಾವಿಯ ಬಳಿಯಲ್ಲಿಯೂ ದೇವಾಲಯದ ಚಾಪೆಯ ಮೇಲೆಯೂ ಆಕೆಗೆ ಸ್ಥಳಕೊಡಿರಿ. ಸರಕಾರವು ಕೊಡುವ ಅನುಮತಿಯು ಕಾಗದದ ಮೇಲಿರುವದು. ನೆರೆಯವರು ಕೊಡುವ ಅನುಮತಿಯಿಲ್ಲದೆ ಯಾವಳೂ ಎಲ್ಲಿಯೂ ಬಾಳಲಾರಳು.