ಬರೆದವರ ಕೈಗೇ ಸಿಗದ ಹಾಳೆಗಳು

ಕ್ಯಾಪ್ಟನ್ ಅಮೆರಿಕ, ಹಲ್ಕ್, ಥಾರ್, ಬ್ಲ್ಯಾಕ್ ಪ್ಯಾಂಥರ್ ಯಾರು ಅಂತ ನಮ್ಮ ಕ್ಯಾಂಪಸ್ಸಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಸ್ಟ್ಯಾನ್ ಲೀ ಮುಖವೂ ಗೊತ್ತು. ಆದರೆ ಈ ನಾಲ್ವರಿಗೂ ಪೆನ್ಸಿಲ್ ಹಿಡಿದು ರೂಪ ಕೊಟ್ಟ ಜಾಕ್ ಕರ್ಬಿ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಈ ಸಲ ಅವರ ಬಗ್ಗೆ ಬರೀತಿದ್ದೇವೆ.

ಕರ್ಬಿ ಹುಟ್ಟಿದ್ದು 1917ರ ಆಗಸ್ಟ್ 28ರಂದು, ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಬಡವರ ಬೀದಿಗಳಲ್ಲಿ. ಅಪ್ಪನಿಗೆ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ. ಹುಟ್ಟುಹೆಸರು ಜೇಕಬ್ ಕರ್ಟ್ಸ್‌ಬರ್ಗ್. ಚಿತ್ರ ಬರೆಯೋದನ್ನು ಹೆಚ್ಚುಕಡಿಮೆ ತಾವೇ ಕಲಿತರು. ಸ್ವಲ್ಪ ಕಾಲ ಪಾಪಾಯ್ ಕಾರ್ಟೂನ್ ತಯಾರಾಗುತ್ತಿದ್ದ ಸ್ಟುಡಿಯೋದಲ್ಲಿ ದುಡಿದು, ಅದೂ ಅಪ್ಪನ ಕಾರ್ಖಾನೆಯ ಥರಾನೇ ಅನ್ನಿಸಿ ಬಿಟ್ಟರು. 1941ರಲ್ಲಿ ಜೋ ಸೈಮನ್ ಜೊತೆ ಸೇರಿ ಕ್ಯಾಪ್ಟನ್ ಅಮೆರಿಕನನ್ನು ತಂದರು. ಮೊದಲ ಸಂಚಿಕೆಯ ಮುಖಪುಟದಲ್ಲೇ ನಾಯಕ ಹಿಟ್ಲರನ ಮುಖಕ್ಕೆ ಗುದ್ದುತ್ತಾನೆ. ಅಮೆರಿಕ ಆಗಿನ್ನೂ ಯುದ್ಧಕ್ಕೇ ಇಳಿದಿರಲಿಲ್ಲ! ಆಮೇಲೆ ಕರ್ಬಿಯೇ ಸೈನ್ಯ ಸೇರಿ ಫ್ರಾನ್ಸಿಗೆ ಹೋದರು. ಅಲ್ಲಿನ ಚಳಿಗೆ ಕಾಲು ಮರಗಟ್ಟಿ ಆಸ್ಪತ್ರೆ ಸೇರಬೇಕಾಯ್ತು.

1961ರಲ್ಲಿ ಸ್ಟ್ಯಾನ್ ಲೀ ಜೊತೆ ಫೆಂಟಾಸ್ಟಿಕ್ ಫೋರ್ ಶುರುವಾಯಿತು. ಅಲ್ಲಿಂದ ಮಾರ್ವೆಲ್‌ಗಾಗಿ ಕರ್ಬಿ ಬರೆದ ವೇಗ ಕೇಳಿದರೆ ಸಬ್ಮಿಶನ್ ಹಿಂದಿನ ರಾತ್ರಿ ಶೀಟ್ ಮುಗಿಸುವ ನಮಗೂ ತಲೆ ತಿರುಗುತ್ತೆ. ಕೆಲವು ತಿಂಗಳು ನೂರರ ಹತ್ತಿರ ಪುಟ! ಕೂಲಿ ಪುಟದ ಲೆಕ್ಕದಲ್ಲಿ. ಪುಸ್ತಕ ಎಷ್ಟೇ ಮಾರಿದರೂ ರಾಯಲ್ಟಿ ಇಲ್ಲ.

ಈಗ ಆ ಹಾಳೆಯ ವಿಷಯಕ್ಕೆ ಬರೋಣ. ಆಗ ಕಾಮಿಕ್ಸ್ ಪುಟವನ್ನು ಸುಮಾರು 12 ಇಂಚು ಅಗಲ, 18 ಇಂಚು ಉದ್ದದ ಚಿತ್ರ ತುಂಬುವ ದಪ್ಪ ಹಾಳೆಯಲ್ಲಿ ಬರೆದು, ಫೋಟೋ ತೆಗೆದು, ಚಿಕ್ಕದು ಮಾಡಿ ಅಚ್ಚು ಹಾಕ್ತಿದ್ರು. ಅಚ್ಚಾದ ಮೇಲೆ ಆ ಮೂಲ ಹಾಳೆ ಕಂಪನಿಯ ಲೆಕ್ಕದಲ್ಲಿ ರದ್ದಿ. ಕೆಲವನ್ನು ಆಫೀಸಿಗೆ ಬಂದವರಿಗೆ ಹಾಗೇ ಕೊಟ್ಟುಬಿಟ್ಟರು. ಉಳಿದವು ಗೋದಾಮು ಸೇರಿದವು. ಅಲ್ಲಿಂದ ಕಳವಾದವೂ ಬಹಳ.

ಅಷ್ಟರಲ್ಲಿ ಕಾಮಿಕ್ಸ್ ಓದಿ ಬೆಳೆದ ಹುಡುಗರು ಸಂಪಾದನೆಗೆ ಬಂದಿದ್ದರು. ಸಮ್ಮೇಳನಗಳು ಶುರುವಾದವು. ಅಲ್ಲಿ ವ್ಯಾಪಾರಿಗಳ ಮೇಜಿನ ಮೇಲೆ ಕರ್ಬಿಯ ಪುಟಗಳು ಮಾರಾಟಕ್ಕೆ ಬಂದವು. ಜಗಳಕ್ಕೂ ಅಲ್ಲೇ ಬೀಜ ಬಿತ್ತು. ಇದು ಹೇಗೆ ಬಂತು ಅಂದ್ರೆ, ಯಾರೋ ಉಡುಗೊರೆ ಕೊಟ್ಟದ್ದು ಅಂತ ವ್ಯಾಪಾರಿ ಹೇಳಬಹುದು. ಕೆಲವು ನಿಜಕ್ಕೂ ಉಡುಗೊರೆಯೇ ಆಗಿದ್ದರಿಂದ ಅದನ್ನು ಸುಳ್ಳು ಅನ್ನೋಕೂ ಆಗಲ್ಲ. ಕೊಂಡವನಿಗೆ ತಾನು ದುಡ್ಡು ಕೊಟ್ಟಿದ್ದೇನೆ ಅನ್ನೋ ಸಮಾಧಾನ. ಬರೆದ ಮನುಷ್ಯನಿಗೆ ಮಾತ್ರ ಪುಟವೂ ಇಲ್ಲ, ಕಾಸೂ ಇಲ್ಲ.

ಎಪ್ಪತ್ತರ ದಶಕದಲ್ಲಿ ಮಾರ್ವೆಲ್ ಕಲಾವಿದರಿಗೆ ಪುಟಗಳನ್ನು ವಾಪಸ್ ಕೊಡಲು ಶುರು ಮಾಡಿತು. ಬೇರೆಯವರು ಒಂದು ಪುಟದ ಕರಾರಿಗೆ ಸಹಿ ಹಾಕಿದರೆ ಸಾಕಿತ್ತು. ಎಂಬತ್ತರ ದಶಕದಲ್ಲಿ ಕರ್ಬಿಗೆ ಬಂದದ್ದು ನಾಲ್ಕು ಪುಟದ ಕರಾರು. ಪಾತ್ರಗಳ ಮೇಲೆ ಹಕ್ಕು ಕೇಳಬಾರದು, ಪುಟಗಳನ್ನು ಪ್ರದರ್ಶನಕ್ಕೆ ಇಡಬಾರದು, ಹಕ್ಕು ಕೇಳುವ ಬೇರೆಯವರಿಗೂ ನೆರವಾಗಬಾರದು. ಇಷ್ಟಕ್ಕೆಲ್ಲ ಒಪ್ಪಿದರೆ ಸಿಗುತ್ತಿದ್ದದ್ದು 88 ಪುಟ. ಅವರು ಆ ಕಂಪನಿಗೆ ಬರೆದದ್ದು ಸಾವಿರಾರು.

ಕರ್ಬಿ ಸಹಿ ಹಾಕಲಿಲ್ಲ. ವಯಸ್ಸು ಎಪ್ಪತ್ತರ ಹತ್ತಿರ, ಆರೋಗ್ಯ ಅಷ್ಟಕ್ಕಷ್ಟೆ. ಆದರೂ ಹೆಂಡತಿ ರಾಝ್ ಜೊತೆ ಗಟ್ಟಿಯಾಗಿ ನಿಂತರು. ಬೇರೆ ಕಲಾವಿದರು ಅವರ ಪರವಾಗಿ ಸಹಿ ಸಂಗ್ರಹಿಸಿದರು, ಅಭಿಮಾನಿ ಪತ್ರಿಕೆಗಳು ಕಂಪನಿಯ ಮಾನ ಹರಾಜು ಹಾಕಿದವು. ಕೊನೆಗೆ 1987ರಲ್ಲಿ ಚಿಕ್ಕ ಕರಾರಿನ ಮೇಲೆ ಎರಡು ಸಾವಿರದ ಆಸುಪಾಸು ಪುಟ ಮನೆಗೆ ಬಂದವು. ಮಿಕ್ಕವು ಬರಲೇ ಇಲ್ಲ.

ಬೇಕಿದ್ದರೆ ಆ 88 ಪುಟ ತಗೊಂಡು ಸುಮ್ಮನಾಗಬಹುದಿತ್ತು. ಆದರೆ ಆ ಸಹಿ ತನ್ನೊಬ್ಬನ ಬಾಯಿ ಮಾತ್ರವಲ್ಲ, ಮುಂದೆ ಬರುವವರ ಬಾಯನ್ನೂ ಕಟ್ಟುವಂಥದ್ದು. ನಾಳೆ ಕೆಲಸಕ್ಕೆ ಸೇರುವ ದಿನ ನಾವೂ ಒಂದು ಕರಾರಿಗೆ ಸಹಿ ಹಾಕ್ತೀವಿ. ನಾವು ಬರೆದ ಕೋಡ್, ಮಾಡಿದ ಡಿಸೈನ್ ಯಾರದ್ದು ಅಂತ ಅದರಲ್ಲಿ ಬರೆದಿರುತ್ತೆ. ಓದದೇ ಸಹಿ ಹಾಕೋದು ಬೇಡ.

ಕರ್ಬಿ 1994ರ ಫೆಬ್ರವರಿ 6ರಂದು ತೀರಿಕೊಂಡರು. ಪಾತ್ರಗಳ ಹಕ್ಕಿನ ವ್ಯಾಜ್ಯವನ್ನು ಮಕ್ಕಳು ಮುಂದುವರಿಸಿದರು. 2014ರಲ್ಲಿ, ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್ ಬಾಗಿಲಲ್ಲಿದ್ದಾಗ, ರಾಜಿಯಾಯಿತು. ಕಳೆದುಹೋದ ಪುಟಗಳ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಅರವತ್ತರ ದಶಕದ ಕರ್ಬಿ ಪುಟವೊಂದು ಮಾರಾಟಕ್ಕೆ ಬಂದರೆ, ಬೆಲೆ ಎಷ್ಟು ಅನ್ನೋದರ ಜೊತೆಗೆ ಇದು ಯಾರ ಕೈಯಿಂದ ಬಂತು ಅಂತ ಕೇಳುವ ಸಂಗ್ರಾಹಕರು ಈಗಲೂ ಇದ್ದಾರೆ.

ಮುಂದಿನ ಸಲ ಮಾರ್ವೆಲ್ ಸಿನಿಮಾ ಮುಗಿದಾಗ ನಾವೆಲ್ಲ ಹೇಗೂ ಕೊನೆಯ ದೃಶ್ಯಕ್ಕೆ ಕಾಯ್ತೀವಲ್ಲ, ಆಗ ಓಡುವ ಹೆಸರುಗಳಲ್ಲಿ ಜಾಕ್ ಕರ್ಬಿ ಎಲ್ಲಿ ಬರುತ್ತೆ ನೋಡಿ.