ಪೋರ್ಟ್ ಕಾಯ್ದ ರಾಣಿ

ಯಾಣದ ಬಂಡೆಗಳ ಮುಂದೆ ಫೋಟೋ ತೆಗೆಸಿಕೊಂಡು ಬರೋರಲ್ಲಿ ಹೆಚ್ಚಿನವರು ಅಲ್ಲಿ ಹರಿಯೋ ಚಂಡಿಕಾ ಹೊಳೆ ಎಲ್ಲಿಗೆ ಹೋಗುತ್ತೆ ಅಂತ ಕೇಳೋದಿಲ್ಲ. ಅದು ಹೋಗಿ ಅಘನಾಶಿನಿ ಸೇರುತ್ತೆ. ಅಘನಾಶಿನಿ ಮಿರ್ಜಾನ್ ಕೋಟೆಯ ಪಕ್ಕದಿಂದ ಕಡಲಿಗೆ ಇಳಿಯುತ್ತೆ. ಘಟ್ಟದ ಕಾಳುಮೆಣಸು ಬಂದರಿಗೆ ಬರುತ್ತಿದ್ದದ್ದೂ ಇಂಥ ಹೊಳೆಗಳ ದಾರಿ ಹಿಡಿದೇ. ಅದರ ಒಡತಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಸಾಳುವ ಮನೆತನದ ಜೈನ ಹೆಣ್ಣುಮಗಳು. 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದಳು. ಪೋರ್ಚುಗೀಸರೇ ಆಕೆಗೆ ಮೆಣಸಿನ ರಾಣಿ ಅಂತ ಹೆಸರಿಟ್ಟರು.

ಈ ಸೆಮ್‌ನಲ್ಲಿ ಕ್ಲೌಡ್ ಲ್ಯಾಬ್ ಇರೋ ನಮಗೆ ಆಕೆಯ ಕಷ್ಟ ಬೇಗ ಅರ್ಥವಾಗುತ್ತೆ. ಒಂದೂ ಪೋರ್ಟ್ ತೆರೆಯದ ಸರ್ವರ್ ತುಂಬಾ ಸೇಫ್, ಆದರೆ ಯಾರಿಗೂ ಉಪಯೋಗವಿಲ್ಲ. ಆಕೆಗೂ ಅಷ್ಟೇ. ಹೊನ್ನಾವರ, ಭಟ್ಕಳ, ಮಿರ್ಜಾನ್ ಬಂದರು ಮುಚ್ಚಿದರೆ ಮೆಣಸು ಗೋದಾಮಿನಲ್ಲೇ ಕೊಳೆಯುತ್ತೆ, ತೆರೆದರೆ ಫಿರಂಗಿ ಹೊತ್ತ ಹಡಗೂ ಒಳಗೆ ಬರುತ್ತೆ. ಇದರ ಮೇಲೆ ಕಾರ್ತಾಜ್ ಬೇರೆ. ಕಡಲಲ್ಲಿ ಓಡಾಡೋ ಹಡಗು ಪೋರ್ಚುಗೀಸರ ಈ ಚೀಟಿ ಇಟ್ಟುಕೊಳ್ಳಲೇಬೇಕು, ಇಲ್ಲದಿದ್ದರೆ ಹಡಗು ಸರಕು ಎರಡೂ ಅವರ ಪಾಲು. ಒಂಥರಾ ಆಕ್ಸೆಸ್ ಟೋಕನ್ನೇ. ಆದರೆ ಟೋಕನ್ ಕೊಡೋನೇ ದರೋಡೆ ಮಾಡೋನೂ ಆಗಿದ್ದ.

ಮಿರ್ಜಾನ್ ಕೋಟೆ ಕಟ್ಟಿಸಿದ್ದು ಆಕೆಯೇ ಅನ್ನುತ್ತಾರೆ. ಅದನ್ನ ನೋಡಿದ್ರೆ ಪಾಠದಲ್ಲಿರೋ ನೆಟ್‌ವರ್ಕ್ ಚಿತ್ರವೇ ನೆನಪಾಗುತ್ತೆ. ಹೊರಗೆ ಕಂದಕ, ಆಮೇಲೆ ಚಿರೇಕಲ್ಲಿನ ಎರಡು ಸುತ್ತು ಗೋಡೆ, ಬುರುಜುಗಳು. ಒಂದು ಹೆಬ್ಬಾಗಿಲು, ಬೇರೆ ಸಣ್ಣ ಬಾಗಿಲುಗಳು, ಗುಪ್ತ ದಾರಿ. ಬಾವಿಗಳು ಮಾತ್ರ ಒಳಗೆ. ನಾವೂ ವೆಬ್ ಸರ್ವರನ್ನು ಪಬ್ಲಿಕ್ ಸಬ್‌ನೆಟ್‌ನಲ್ಲಿ ಇಟ್ಟು, ಡೇಟಾಬೇಸನ್ನು ಪ್ರೈವೇಟ್ ಸಬ್‌ನೆಟ್‌ಗೆ ಸೇರಿಸುತ್ತೇವೆ. ಹೊರಗಿನವರಿಗೆ 443 ಮಾತ್ರ ತೆರೆದಿರುತ್ತೆ. ಡೇಟಾಬೇಸಿನ 3306ಕ್ಕೆ ವೆಬ್ ಸರ್ವರ್ ಒಂದನ್ನು ಬಿಟ್ಟು ಯಾರಿಗೂ ಪ್ರವೇಶ ಇಲ್ಲ. ಕುಡಿಯೋ ನೀರನ್ನ ಯಾರೂ ಹೆಬ್ಬಾಗಿಲಲ್ಲಿ ಇಡಲ್ಲ ಅಲ್ವಾ!

1559ರಲ್ಲೂ 1570ರಲ್ಲೂ ಆಕೆ ಪೋರ್ಚುಗೀಸರ ಜೊತೆ ಯುದ್ಧ ಮಾಡಿದಳು. ನಡುವೆ 1569ರಲ್ಲಿ ಹೊನ್ನಾವರ ಅವರ ಕೈಸೇರಿತ್ತು. ಮರುವರ್ಷ ಬಿಜಾಪುರ, ಕಲ್ಲಿಕೋಟೆಯವರು ಪೋರ್ಚುಗೀಸರ ಮೇಲೆ ತಿರುಗಿಬಿದ್ದ ಹೊತ್ತು ನೋಡಿ ಆಕೆಯೂ ಹೊನ್ನಾವರಕ್ಕೆ ಮುತ್ತಿಗೆ ಹಾಕಿದಳು. ಗೋವಾದಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕುಟುಂಬಗಳಿಗೆ ತನ್ನ ಸೀಮೆಯಲ್ಲಿ ಜಾಗ ಕೊಟ್ಟಳು ಅಂತಲೂ ಹೇಳುತ್ತಾರೆ. ಬಾಗಿಲು ಬಿಗಿ ಮಾಡೋದರ ಜೊತೆಗೆ ಯಾರಿಗೆ ತೆರೆಯಬೇಕು ಅನ್ನೋದೂ ಆಕೆಗೆ ಗೊತ್ತಿತ್ತು. ನಮಗೆ ಯುದ್ಧಕ್ಕಿಂತ ಇದೇ ದೊಡ್ಡದಾಗಿ ಕಾಣುತ್ತೆ.

ಆದರೆ ಕಾವಲೆಲ್ಲ ಕಡಲ ಕಡೆಗೇ ಇತ್ತು. 1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರ ಸೋತಮೇಲೆ ಅದರ ಸಾಮಂತರಿಗೆ ಹೇಳೋರು ಕೇಳೋರು ಇರಲಿಲ್ಲ. ಘಟ್ಟದ ಮೇಲೆ ಕೆಳದಿಯವರು ಬೆಳೆಯುತ್ತಾ ಬಂದರು. ಹಿಂದೆ ಆಕೆಯಂತೆಯೇ ವಿಜಯನಗರದ ಕೆಳಗಿದ್ದವರು, ಒಂದೇ ನೆಟ್‌ವರ್ಕ್‌ನವರು. ಕ್ಲೌಡ್‌ನಲ್ಲೂ ಹೊರಗಿನ ಗೋಡೆ ಗಟ್ಟಿಯಾಗಿ ಕಟ್ಟಿ, ಒಳಗಿನ ಒಂದು ಮಷೀನ್ ಪಕ್ಕದ ಮಷೀನನ್ನು ಸುಮ್ಮನೆ ನಂಬೋ ಹಾಗೆ ಬಿಟ್ಟುಬಿಡೋದು ತುಂಬಾ ಸಾಮಾನ್ಯ. 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಬಿಳಗಿಯವರ ಜೊತೆ ಸೇರಿ ಗೇರುಸೊಪ್ಪೆಯನ್ನು ಗೆದ್ದ. ಅಷ್ಟು ವರ್ಷ ಪೋರ್ಚುಗೀಸರಿಗೆ ಬಗ್ಗದ ಮುದುಕಿ ಘಟ್ಟದ ಮೇಲೆ ಸೆರೆಯಲ್ಲೇ ಸತ್ತಳು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿ ಏರಿ ಗೇರುಸೊಪ್ಪೆಗೆ ಬಂದ. ಊರು ಹಾಳುಬಿದ್ದು ಕಾಡು ಬೆಳೆದಿತ್ತು. ಅವನ ಜೊತೆಗಿದ್ದದ್ದು ಪೋರ್ಚುಗೀಸರ ರಾಯಭಾರಿ. ಅವರು ಹೊರಟಿದ್ದದ್ದು ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ.