ಪಂಡಿತಾ ರಮಾಬಾಯಿಯವರ ಪ್ರಾರ್ಥನಾಜೀವನ

ಪರೀಕ್ಷೆಯ ಮುಂದಿನ ವಾರದಲ್ಲಿ ನಮ್ಮ ಪ್ರಾರ್ಥನಾಮಂದಿರದಲ್ಲಿ ಮೊಣಕಾಲೂರುವವರ ಸಂಖ್ಯೆಯು ಹೆಚ್ಚುವುದನ್ನೂ, ಫಲಿತಾಂಶ ಪ್ರಕಟವಾದ ಬಳಿಕ ಅದು ತಗ್ಗುವುದನ್ನೂ ನಾವು ಬಹುಕಾಲದಿಂದ ಕಾಣುತ್ತಿದ್ದೇವೆ. ಇದನ್ನು ಪರಿಹಾಸ್ಯಕ್ಕಾಗಿ ಬರೆಯಲಿಲ್ಲ. ನಾವೂ ಹುಡುಗಿಯರಾಗಿದ್ದಾಗ ಹಾಗೆಯೇ ಮಾಡಿದವರು. ಆದರೆ ಬೇಡಿಕೊಂಡದ್ದು ದೊರೆಯದೆ ಹೋದಾಗ ದೇವರ ವಾಗ್ದಾನವು ಏನಾಯಿತೆಂದು ಒಬ್ಬ ವಿದ್ಯಾರ್ಥಿನಿಯು ಕಣ್ಣೀರಿಡುತ್ತ ಕೇಳಿದಾಗ, ತಕ್ಕ ಉತ್ತರವನ್ನು ಕೊಡಲಾರದೆ ಸುಮ್ಮನಾದೆವು. ಆ ದಿನ ನೆನಪಿಗೆ ಬಂದವರು ಪಂಡಿತಾ ರಮಾಬಾಯಿಯವರು. ಅವರ ಚರಿತ್ರೆಯನ್ನು ಈ ಸಂಚಿಕೆಗೆ ಬರೆದು ಕೊಡಬೇಕೆಂದು ಆಗಲೇ ನಿಶ್ಚಯಿಸಿದೆವು.

ರಮಾಬಾಯಿಯವರು ಹುಟ್ಟಿದ್ದು ನಮ್ಮ ನಾಡಿನಲ್ಲಿಯೇ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1858ನೆಯ ಇಸವಿ ಏಪ್ರಿಲ್ 23ರಂದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಅವರ ಜನನವಾಯಿತು. ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸೀಮೆಯವರು, ದೊಡ್ಡ ವಿದ್ವಾಂಸರು. ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ಕಟ್ಟಳೆಯನ್ನು ಒಪ್ಪದೆ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿದರು. ಅದಕ್ಕಾಗಿ ಜನರ ವಿರೋಧವನ್ನು ಸಹಿಸಿದರು. ಆ ತಾಯಿಗೆ ಹಗಲೆಲ್ಲ ಮನೆಗೆಲಸ. ಆದಕಾರಣ ಹಕ್ಕಿಗಳು ಕೂಗುವ ಮೊದಲೇ ಮಗಳನ್ನು ಎಬ್ಬಿಸಿ, ನಿದ್ದೆಗಣ್ಣಿನ ಮಗುವನ್ನು ತೊಡೆಯ ಬಳಿ ಕುಳ್ಳಿರಿಸಿ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಬೆಳಿಗ್ಗೆ ಐದು ಗಂಟೆಯ ಗಂಟೆಯನ್ನು ಶಪಿಸುವ ನಮ್ಮ ವಸತಿಗೃಹದ ಹುಡುಗಿಯರು ಇದನ್ನು ಎರಡು ಸಾರಿ ಓದಬೇಕು.

ಆ ಕುಟುಂಬವು ತೀರ್ಥದಿಂದ ತೀರ್ಥಕ್ಕೆ ಪುರಾಣ ಹೇಳುತ್ತ ಅಲೆಯಿತು. 1870ರ ದಶಕದ ಕ್ಷಾಮದಲ್ಲಿ ಇದ್ದುದೆಲ್ಲ ಕರಗಿ, ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಉಳಿದ ಅಣ್ಣತಂಗಿಯರು ಕಾಲ್ನಡೆಯಿಂದ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರುಷದ ಆ ಹೆಣ್ಣಿಗೆ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನೂ ಕಾಲವಾದನು. ಅದೇ ವರುಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಎಲ್ಲೆ ಮೀರಿ ಮದುವೆಯಾದರು. 1882ರಲ್ಲಿ ಅವರೂ ವಾಂತಿಭೇದಿಯಿಂದ ಮೃತರಾದರು. ಮಗಳು ಮನೋರಮೆಗೆ ಆಗ ಇನ್ನೂ ವರುಷ ತುಂಬಿರಲಿಲ್ಲ.

ಮುಂದಿನ ಸಂಗತಿಗಳನ್ನು ಬೇಗನೆ ಹೇಳಿಬಿಡುವೆವು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಆಸೆಯಿತ್ತು. ಕಿವಿ ಮಂದವಾದುದರಿಂದ ಅದು ಕೈಗೂಡಲಿಲ್ಲ. 1886ರಲ್ಲಿ ಅಮೆರಿಕೆಗೆ ಹೋದರು. ಅಲ್ಲಿಯ ಸ್ನೇಹಿತರು ಸಂಘವೊಂದನ್ನು ಕಟ್ಟಿ ಹತ್ತು ವರುಷ ಸಹಾಯ ಮಾಡುವುದಾಗಿ ಮಾತು ಕೊಟ್ಟರು. ಆ ಬಲದಿಂದ 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ಆರಂಭವಾಗಿ, ಮರುವರುಷ ಪುಣೆಗೆ ಬಂದಿತು.

ದೀಕ್ಷಾಸ್ನಾನವಾಗಿ ಎಷ್ಟೋ ವರುಷಗಳವರೆಗೆ ತಮಗೆ ಕ್ರೈಸ್ತಧರ್ಮವು ಸಿಕ್ಕಿತ್ತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲವೆಂದು ರಮಾಬಾಯಿಯವರು ತಾವೇ ಬರೆದಿಟ್ಟಿದ್ದಾರೆ. ಅಷ್ಟು ವಿದ್ಯೆಯುಳ್ಳವರು ಹೀಗೆ ಒಪ್ಪಿಕೊಂಡದ್ದು ನಮ್ಮನ್ನು ಯಾವಾಗಲೂ ನಾಚಿಸುತ್ತದೆ. ಆ ಶಾಂತಿಯು ದೊರೆತ ಮೇಲೆ ಅವರು ತಮ್ಮ ಕೋಣೆಯ ಬಾಗಿಲನ್ನು ತೆರೆದಿಟ್ಟು ಪ್ರಾರ್ಥಿಸತೊಡಗಿದರು. ಮನಸ್ಸುಳ್ಳ ಹುಡುಗಿಯರು ಬಂದು ಕುಳಿತರು. ಇದರಿಂದ 1893ರಲ್ಲಿ ಪುಣೆಯಲ್ಲಿ ದೊಡ್ಡ ಗದ್ದಲವಾಯಿತು. ರಾನಡೆ, ಭಾಂಡಾರ್ಕರ್ ಮೊದಲಾದ ಹಿರಿಯರು ಸಲಹಾಮಂಡಲಿಯನ್ನು ಬಿಟ್ಟರು. ಅನೇಕ ಪಾಲಕರು ಹುಡುಗಿಯರನ್ನು ಕರೆದುಕೊಂಡು ಹೋದರು. ಆ ಪಾಲಕರ ಮೇಲೆ ನಾವು ತಪ್ಪು ಹೊರಿಸಲಾರೆವು. ಅವರಿಗೆ ಮತದ ವಿಷಯದಲ್ಲಿ ತಟಸ್ಥವಾದ ಶಾಲೆಯೆಂದು ಹೇಳಲಾಗಿತ್ತು.

ಈಗ ನಮಗೆ ಬಹು ಪ್ರಿಯವಾದ ಸಂಗತಿ. ಆ ದಿನಗಳಲ್ಲಿ ರಮಾಬಾಯಿಯವರು ಬ್ರಿಸ್ಟಲಿನ ಅನಾಥಾಲಯದ ಜಾರ್ಜ್ ಮುಲ್ಲರ್, ಚೀನಾದ ಒಳನಾಡ ಮಿಶನ್ನು, ದ್ವೀಪಗಳಲ್ಲಿ ಸೇವೆಮಾಡಿದ ಜಾನ್ ಪೇಟನ್ ಇವರ ಚರಿತ್ರೆಗಳನ್ನು ಓದಿದ್ದರು. ಆ ದೇಶಗಳಲ್ಲಿ ನಂಬಿಗಸ್ತನಾದ ದೇವರು ಹಿಂದೂದೇಶದಲ್ಲಿ ಹಾಗಿರನೇ ಎಂಬ ಪ್ರಶ್ನೆಯು ಅವರನ್ನು ಕಾಡುತ್ತಿತ್ತು. 1896ರಲ್ಲಿ ಲೋಣಾವಳದ ಪ್ರಾರ್ಥನಾಕೂಟಕ್ಕೆ ಕ್ರಿಸ್ತನನ್ನು ಒಪ್ಪಿದ ಹದಿನೈದು ಮಂದಿ ಹುಡುಗಿಯರೊಡನೆ ಹೋದವರು, ಒಂದು ಮುಂಜಾನೆ ಕಾಡಿನಲ್ಲಿ ಒಂಟಿಯಾಗಿ ಮೊಣಕಾಲೂರಿ, ಆ ಹದಿನೈದನ್ನು ಹದಿನೈದರಿಂದ ಗುಣಿಸಿ ಕೊಡಬೇಕೆಂದು ದೇವರನ್ನು ಬೇಡಿದರು. 225! ಸದನದಲ್ಲಿ ಅಷ್ಟು ಮಂದಿಗೆ ಸ್ಥಳವೂ ಇರಲಿಲ್ಲ, ಅಕ್ಕಿಯೂ ಇರಲಿಲ್ಲ. ಲೆಕ್ಕದ ಪಾಠವನ್ನು ಹೇಳುವ ನಾವು ಹೀಗೆ ಬೇಡಲು ಅಂಜುತ್ತಿದ್ದೆವು.

ಉತ್ತರವು ಬಂದ ರೀತಿಯನ್ನು ಯಾರೂ ಕೋರುತ್ತಿರಲಿಲ್ಲ. ಅದೇ ವರುಷ ಮಧ್ಯಪ್ರಾಂತಗಳಲ್ಲಿ ಕ್ಷಾಮವು ತಲೆದೋರಿತು. ಹಸಿವೆಂದರೇನೆಂದು ತಿಳಿದ ರಮಾಬಾಯಿಯವರು, ಕೈಯಲ್ಲಿ ಹಣವಿಲ್ಲದೆ ಹೊರಟು, ಗಂಜಿಕೇಂದ್ರಗಳಿಂದಲೂ ದಾರಿಬದಿಯಿಂದಲೂ ಎಲುಬುಗೂಡಾದ ಹುಡುಗಿಯರನ್ನು ಕೂಡಿಸಿ ತಂದರು. ಕಡೆಗೆ ಲೆಕ್ಕವು ಮುನ್ನೂರರಷ್ಟಾಯಿತು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧದಿಂದ ಅವರನ್ನು ಇಟ್ಟುಕೊಳ್ಳಲಾಗದೆ, ಮೂವತ್ತಕ್ಕೂ ಹೆಚ್ಚು ಮೈಲು ದೂರದ ಕೇಡಗಾವಿನಲ್ಲಿ ತೋಟಕ್ಕೆಂದು ಕೊಂಡಿದ್ದ ಭೂಮಿಗೆ ಸಾಗಿಸಿದರು. ಅದೇ ಮುಕ್ತಿ ಸದನವಾಯಿತು. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿ ಎರಡು ಸಾವಿರದ ಹತ್ತಿರ ಮಂದಿಯಿದ್ದರು. ತಂದ ಮಕ್ಕಳೆಲ್ಲರೂ ಬದುಕಲಿಲ್ಲವೆಂಬುದನ್ನೂ ಮರೆಮಾಡಬಾರದು. ಕೆಲವರಿಗೆ ಅನ್ನವು ಬಹಳ ತಡವಾಗಿ ಬಂದಿತ್ತು.

ರಮಾಬಾಯಿಯವರು ಮುಲ್ಲರರಂತೆ ಯಾರಿಗೂ ಒಂದು ಮಾತೂ ತಿಳಿಸದೆ ಎಲ್ಲವನ್ನೂ ನಡೆಸಿದರೆಂದು ಕೆಲವರು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಹತ್ತು ವರುಷದ ಮಾತು ಮುಗಿಯುವಾಗ, 1898ರಲ್ಲಿ ಅವರು ಅಮೆರಿಕೆಗೆ ಹೋಗಿ ಸ್ನೇಹಿತರಿಗೆ ಲೆಕ್ಕವೊಪ್ಪಿಸಿ ಬಂದರು. ಮುಕ್ತಿಯಲ್ಲಿ ಪ್ರಾರ್ಥಿಸುವ ಕೈಗಳೇ ನೇಯುತ್ತಿದ್ದುವು, ಹೊಲದಲ್ಲಿ ದುಡಿಯುತ್ತಿದ್ದುವು, ಅಚ್ಚಿನ ಮೊಳೆಗಳನ್ನು ಜೋಡಿಸುತ್ತಿದ್ದುವು. ಕುರುಡ ಹುಡುಗಿಯರಿಗೂ ಅಲ್ಲಿ ಓದುಬರಹವಿತ್ತು.

ಮನೋರಮಾಬಾಯಿಯವರು ಬೆಳೆದು ತಾಯಿಯ ಬಲಗೈಯಾದರು. 1912ರಲ್ಲಿ, ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ ತಾಯಿಮಗಳು ಪ್ರೌಢಶಾಲೆಯನ್ನು ಸ್ಥಾಪಿಸಿದರು. ಮಗಳೇ ಅದರ ಮುಖ್ಯಾಧ್ಯಾಪಿನಿ. ತಮ್ಮ ಬಳಿಕ ಮುಕ್ತಿಯ ಭಾರವನ್ನು ಆಕೆ ಹೊರುವಳೆಂದು ತಾಯಿಯು ನೆಚ್ಚಿದ್ದರು. 1921ರ ಜುಲೈಯಲ್ಲಿ ಮಗಳು ತೀರಿಕೊಂಡರು. 225ನ್ನು ಬೇಡಿ ಮುನ್ನೂರನ್ನು ಹೊಂದಿದ ತಾಯಿಗೆ ಒಬ್ಬಳೇ ಮಗಳು ಉಳಿಯಲಿಲ್ಲ. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಯು ಇಲ್ಲಿಯೇ ಇದೆ. ಇದಕ್ಕೆ ಕಾರಣವನ್ನು ಹೇಳುವ ಧೈರ್ಯವು ನಮಗಿಲ್ಲ.

ರಮಾಬಾಯಿಯವರು ಏನು ಮಾಡಿದರೆಂಬುದನ್ನು ಮಾತ್ರ ಹೇಳಬಲ್ಲೆವು. ಹಳ್ಳಿಯ ಹೆಂಗಸರಿಗೂ ತಿಳಿಯುವ ಸುಲಭವಾದ ಮರಾಠಿಯಲ್ಲಿ ಸತ್ಯವೇದವನ್ನು ತರಬೇಕೆಂದು, ನಡುವಯಸ್ಸು ಮೀರಿದ ಮೇಲೆ ಇಬ್ರಿಯ, ಗ್ರೀಕು ಭಾಷೆಗಳನ್ನು ಕಲಿತು ಅನೇಕ ವರುಷಗಳಿಂದ ಭಾಷಾಂತರಿಸುತ್ತಿದ್ದರು. ಮಗಳ ಸಮಾಧಿಯಾದ ಮೇಲೆಯೂ ಆ ಮೇಜಿಗೆ ಹಿಂದಿರುಗಿದರು. ದೇಹವು ಕುಗ್ಗಿತ್ತು, ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಅಚ್ಚಿನ ಕರಡುಗಳನ್ನು ಮಾತ್ರ ಕೊನೆಯ ದಿನಗಳವರೆಗೂ ತಿದ್ದುತ್ತಿದ್ದರು. 1922ರ ಏಪ್ರಿಲ್ 5ರಂದು ನಿದ್ರೆಯಲ್ಲಿಯೇ ದೇವರ ಪಾದವನ್ನು ಸೇರಿದರು. ಕ್ಷಾಮದಿಂದ ಬದುಕಿ ಬಂದ ಹುಡುಗಿಯರು ಅಚ್ಚು ಹಾಕಿದ ಆ ಸತ್ಯವೇದವು ಅವರ ಮರಣಾನಂತರ, 1924ರಲ್ಲಿ, ಹೊರಬಂದಿತು.